ಅಂಗಳದಲ್ಲಿ ಬಿದ್ದದ್ದೇ ಸಾಮಗ್ರಿ: ಪುಟ್ಟ ಮಕ್ಕಳೊಂದಿಗೆ ಕೈಕೆಲಸ ಮಾಡುವ ಬಗೆ

ಶಿರಸಿಯ ಕಡೆಯ ತೋಟದ ಮನೆಗಳಲ್ಲಿ ಅಂಗಳಕ್ಕಿಳಿದರೆ ಬಿದ್ದ ಅಡಿಕೆ ಹಾಳೆಯೋ (ಅಡಿಕೆ ಗರಿಯ ಬುಡದ ಅಗಲವಾದ ಪೊರೆ) ಹಿಡಿ, ಅಂದರೆ ಪೊರಕೆ, ಮಾಡಲೆಂದು ಎಳೆದು ತಂದಿಟ್ಟ ತೆಂಗಿನ ಗರಿಯೋ ಕಾಲಿಗೆ ತಾಗಿಯೇ ತಾಗುತ್ತದೆ. ಬಚ್ಚಲ ಒಲೆಯ ಪಕ್ಕದಲ್ಲಿ ಗರಟೆಯ ರಾಶಿ ಇರುತ್ತದೆ. ಘಟ್ಟ ಇಳಿದು ಕುಮಟೆ, ಅಂಕೋಲೆ, ಕಾರವಾರದ ಕಡೆ ಹೋದರೆ ಇವುಗಳ ಜೊತೆಗೆ ಬಳಚಿನ (ತಿನ್ನುವ ಕಪ್ಪೆಚಿಪ್ಪಿನ) ಚಿಪ್ಪುಗಳೂ ಸೇರುತ್ತವೆ. ಇಷ್ಟಿದ್ದೂ ರಜೆಗೆ ಮಕ್ಕಳು ಬಂದಾಗ ನಾವು ಪೇಟೆಯಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ಕರಕುಶಲ ಸಾಮಗ್ರಿಯನ್ನು ಕೊಂಡು ತರುತ್ತೇವೆ. ಅದರಲ್ಲಿ ಎಲ್ಲವೂ ಕತ್ತರಿಸಿಯೇ ಇರುತ್ತದೆ, ಮಗು ಅಂಟಿಸುವುದೊಂದೇ ಬಾಕಿ. ಮೂರರಿಂದ ಎಂಟು ವರ್ಷದ ಮಕ್ಕಳಿರುವ ಮನೆಯವರು ದುಡ್ಡು ಖರ್ಚು ಮಾಡದೆ, ಸುತ್ತಮುತ್ತ ಸಿಗುವ ವಸ್ತುಗಳಿಂದಲೇ ಮಾಡಿಸಬಹುದಾದ ಕೆಲವು ಕೆಲಸಗಳನ್ನು, ನಾನು ಹಲವು ಬೇಸಿಗೆಗಳಲ್ಲಿ ಮಕ್ಕಳ ಜೊತೆ ಕೂತು ಮಾಡಿ ನೋಡಿದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸಕ್ಕೆ ಕೈ ಹಚ್ಚುವ ಮೊದಲು ದೊಡ್ಡವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಒಂದು ಮಾತಿದೆ. ಒಂದು ರಜೆಯಲ್ಲಿ ಕಾರವಾರದಿಂದ ಬಂದಿದ್ದ ತಂಗಿಯ ಮಗಳು ಹಾಳೆಯ ಮುಖವಾಡಕ್ಕೆ ಕಣ್ಣು ಬರೆಯುತ್ತಿದ್ದಳು. ಆಗ ಅವಳಿಗೆ ಐದು ವರ್ಷ. ಒಂದು ಕಣ್ಣು ಹಣೆಗೆ ಹತ್ತಿರ, ಇನ್ನೊಂದು ಕೆನ್ನೆಯ ಮೇಲೆ ಬಂತು. ನಾನು ಸುಮ್ಮನಿರಲಾರದೆ ಕುಂಚ ತೆಗೆದುಕೊಂಡು ಎರಡನ್ನೂ ಸಮ ಮಾಡಿ, ಹುಬ್ಬು ತೀಡಿ, ನಾಮವನ್ನೂ ಎಳೆದೆ. ಮುಖವಾಡ ಚಂದವಾಯಿತು. ಅವಳು ಅದನ್ನು ಒಂದು ಗಳಿಗೆ ನೋಡಿ, ‘ಇದು ದೊಡ್ಡಾಯಿದು’, ಅಂದರೆ ದೊಡ್ಡಮ್ಮನದು, ಎಂದು ಅಲ್ಲಿಯೇ ಬಿಟ್ಟು ಎದ್ದು ಹೋದಳು. ಅಂದಿನಿಂದ ಮಗುವಿನ ಕೈಯಲ್ಲಿರುವ ಕೆಲಸವನ್ನು ನಾನು ತಿದ್ದುವುದಿಲ್ಲ. ಕತ್ತಿ, ಬಿಸಿ, ದಬ್ಬಣ ಇವು ಮೂರು ದೊಡ್ಡವರ ಪಾಲು. ಉಳಿದದ್ದೆಲ್ಲ, ಸೊಟ್ಟಗಾದರೂ ಸರಿ, ಮಗುವಿನ ಪಾಲು. ಮುಂದೆ ಬರೆದಿರುವ ಪ್ರತಿಯೊಂದು ಕೆಲಸವನ್ನೂ ಈ ಹಂಚಿಕೆಯಂತೆಯೇ ಓದಿಕೊಳ್ಳಬೇಕು.

ಸಿದ್ಧತೆ ಮತ್ತು ಎಚ್ಚರಿಕೆ

ಕೆಲಸಕ್ಕೆ ಜಗುಲಿಯೇ ಒಳ್ಳೆಯ ಜಾಗ. ನೆಲಕ್ಕೆ ಹಳೆಯ ಗೋಣಿ ಹಾಸಿ, ಮಕ್ಕಳಿಗೆ ಹಳೆಯ ಬಟ್ಟೆ ಹಾಕಿಸಿ ಕೂರಿಸಬೇಕು. ಬಾಳೆಯ ಕರೆ ಬಟ್ಟೆಗೆ ತಾಗಿದರೆ ಎಷ್ಟು ಒಗೆದರೂ ಹೋಗುವುದಿಲ್ಲ. ಮೂರು ನಾಲ್ಕು ವರ್ಷದ ಮಗು ಹರಿಯುವುದು, ಒತ್ತುವುದು, ಬಳಿಯುವುದು ಇಷ್ಟನ್ನು ಸಂತೋಷವಾಗಿ ಮಾಡುತ್ತದೆ. ಐದಾರು ವರ್ಷದವರು ಮಡಚಬಲ್ಲರು, ಮೊಂಡು ತುದಿಯ ಕತ್ತರಿಯಲ್ಲಿ ಕಾಗದ ಕತ್ತರಿಸಬಲ್ಲರು. ಏಳೆಂಟು ವರ್ಷದವರಿಗೆ ದಪ್ಪ ಸೂಜಿಯನ್ನು, ನಾವು ಪಕ್ಕದಲ್ಲಿದ್ದುಕೊಂಡು, ಧೈರ್ಯವಾಗಿ ಕೊಡಬಹುದು. ಒಂದೇ ಬಾರಿಗೆ ಅರ್ಧ ಗಂಟೆಗಿಂತ ಹೆಚ್ಚು ಕೂರಿಸುವ ಹಟ ಬೇಡ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆಗಳಲ್ಲಿ ಮೂರು ವಸ್ತುಗಳ ಬಗ್ಗೆ ವಿಶೇಷ ಜಾಗ್ರತೆ ಬೇಕು. ಮೊದಲನೆಯದು ಗುಲಗಂಜಿ. ಕೆಂಪು ಮೈ, ಕಪ್ಪು ಕಣ್ಣಿನ ಈ ಬೀಜ ಎಷ್ಟು ಮುದ್ದಾಗಿದೆಯೋ ಅಷ್ಟೇ ವಿಷಕಾರಿ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಮಕ್ಕಳ ಕೈಕೆಲಸದಲ್ಲಿ ಅದಕ್ಕೆ ಜಾಗವೇ ಇಲ್ಲ. ಎರಡನೆಯದು ಹಸಿ ಗೇರು ಬೀಜ. ಅದರ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ಬೇಸಿಗೆಯಲ್ಲಿ ಮಕ್ಕಳು ಗೇರು ಹಣ್ಣಿನ ಜೊತೆ ಬೀಜವನ್ನೂ ಆರಿಸಿ ತರುವುದರಿಂದ ಇದನ್ನು ಹೇಳಲೇಬೇಕು. ಮೂರನೆಯದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಹಿಂದಿನವರು ಹಿಟ್ಟಿನ ಅಂಟು ಕೆಡದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಅದು ವಿಷ. ಮಕ್ಕಳು ಮುಟ್ಟುವ ಅಂಟಿಗೆ ಅದನ್ನು ಹಾಕಬಾರದು, ಅದರ ಚೀಲವನ್ನು ಮಕ್ಕಳ ಕೈಗೆ ಎಟುಕುವಲ್ಲಿ ಇಡಲೂಬಾರದು. ಇನ್ನು, ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಯಾವುದೇ ಸಣ್ಣ ಬೀಜ, ಮಣಿ, ಪುಟ್ಟ ಚಿಪ್ಪುಗಳನ್ನು ಹರವಿಕೊಂಡು ಕೂರಬಾರದು.

ಅಂಟನ್ನು ಮನೆಯಲ್ಲೇ ಕಾಯಿಸಿಕೊಳ್ಳುವುದು ಸುಲಭ. ಎರಡು ದೊಡ್ಡ ಚಮಚ ಮೈದಾ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುತ್ತಿರುವ ಒಂದು ಲೋಟ ನೀರಿಗೆ ನಿಧಾನವಾಗಿ ಹೊಯ್ಯುತ್ತ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಬಿಡದೆ ತಿರುವಿದರೆ ಹಿಟ್ಟಿನ ಬಿಳಿ ಬಣ್ಣ ಹೋಗಿ ಗಂಜಿಯ ತೆಳಿಯಂತೆ ಹೊಳಪು ಬರುತ್ತದೆ. ಆಗ ಇಳಿಸಿ, ಅರ್ಧ ಚಮಚ ಉಪ್ಪು ಸೇರಿಸಿ ತಣಿಸಬೇಕು. ಕಾಗದ, ಬಟ್ಟೆ, ಒಣಗಿದ ಎಲೆಗಳಿಗೆ ಇದು ಸಾಕು. ಎರಡು ದಿನದಲ್ಲಿ ಹುಳಿ ವಾಸನೆ ಬರತೊಡಗಿದರೆ ಚೆಲ್ಲಿ ಹೊಸದಾಗಿ ಮಾಡಿಕೊಳ್ಳಬೇಕು. ಚಿಪ್ಪು, ಗರಟೆಯಂಥ ಭಾರದ ವಸ್ತುಗಳಿಗೆ ಮಾತ್ರ ಫೆವಿಕಾಲ್ ಬೇಕಾಗುತ್ತದೆ.

ತೆಂಗಿನ ಗರಿಯ ಗಿರಗಿಟ್ಲೆ

ಮೊದಲ ದಿನಕ್ಕೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಮಾಡಿದ ಕೂಡಲೇ ಹಿಡಿದುಕೊಂಡು ಓಡಬಹುದು. ಹಸಿರು ಗರಿಯಿಂದ ಎರಡು ಅಗಲವಾದ ಎಲೆಗಳನ್ನು ಕಿತ್ತುಕೊಳ್ಳಿ. ದೊಡ್ಡವರು ಕತ್ತಿಯಿಂದ ನಡುವಿನ ಕಡ್ಡಿಯನ್ನು ಸೀಳಿ ತೆಗೆದರೆ ಎರಡು ಎಲೆಗಳಿಂದ ನಾಲ್ಕು ಪಟ್ಟಿಗಳೂ ಎರಡು ಹಿಡಿಕಡ್ಡಿಗಳೂ ಸಿಗುತ್ತವೆ. ಪಟ್ಟಿಗಳು ಒಂದೇ ಅಗಲ ಇರಬೇಕು, ಉದ್ದ ಒಂದೂವರೆ ಗೇಣು ಸಾಕು.

ನಾಲ್ಕೂ ಪಟ್ಟಿಗಳನ್ನು ನಡುವಿಗೆ ಮಡಚುವುದು ಮಗುವಿನ ಕೆಲಸ. ಮಡಚಿದ ಪಟ್ಟಿಗೆ ಒಂದು ಕಡೆ ಮುಚ್ಚಿದ ಮಡಿಕೆ, ಇನ್ನೊಂದು ಕಡೆ ಎರಡು ತೆರೆದ ತುದಿಗಳು ಇರುತ್ತವೆ; ಇದನ್ನು ಮಗುವಿಗೆ ಬೆರಳಿಟ್ಟು ತೋರಿಸಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಮೊದಲನೆಯ ಪಟ್ಟಿಯನ್ನು ಮಡಿಕೆ ಮೇಲೆ ಬರುವಂತೆ ಹಿಡಿದುಕೊಳ್ಳಿ. ಎರಡನೆಯ ಪಟ್ಟಿಯ ಎರಡು ಪದರಗಳ ನಡುವೆ ಮೊದಲನೆಯದು ಸಿಕ್ಕಿಕೊಳ್ಳುವಂತೆ ಅಡ್ಡಲಾಗಿ ತೊಡಿಸಿ. ಹಾಗೆಯೇ ಮೂರನೆಯದು ಎರಡನೆಯದನ್ನು ತಬ್ಬಿಕೊಳ್ಳಬೇಕು, ನಾಲ್ಕನೆಯದು ಮೂರನೆಯದನ್ನು ತಬ್ಬಿಕೊಳ್ಳಬೇಕು. ಕೊನೆಗೆ ನಾಲ್ಕನೆಯದರ ಎರಡೂ ತುದಿಗಳನ್ನು ಮೊದಲನೆಯದರ ಮಡಿಕೆಯೊಳಗಿನಿಂದ ತೂರಿಸಿ ಹೊರಗೆ ತೆಗೆದರೆ ನಾಲ್ವರೂ ಒಬ್ಬರ ಕೈ ಒಬ್ಬರು ಹಿಡಿದು ನಿಂತಂತಾಗುತ್ತದೆ. ಈಗ ಎಲ್ಲ ತುದಿಗಳನ್ನು ಸ್ವಲ್ಪ ಸ್ವಲ್ಪವಾಗಿ, ಸರದಿಯಲ್ಲಿ ಎಳೆಯಬೇಕು. ಒಂದನ್ನೇ ಜೋರಾಗಿ ಎಳೆದರೆ ಗಂಟು ವಾರೆಯಾಗುತ್ತದೆ. ಬಿಗಿಯಾದ ಮೇಲೆ ನಡುವೆ ಚೌಕದ ಹೆಣಿಗೆ, ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ರೆಕ್ಕೆಗಳು ಕಾಣುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಪದರವನ್ನು ಬುಡಕ್ಕೆ ಕತ್ತರಿಸಿ, ಉಳಿದದ್ದನ್ನು ನಾಲ್ಕು ಬೆರಳಿನಷ್ಟು ಉದ್ದಕ್ಕೆ ಸಮ ಮಾಡಬೇಕು.

ಚೌಕದ ನಟ್ಟನಡುವೆ ದಬ್ಬಣದಿಂದ ತೂತು ಮಾಡಿ ಹಿಡಿಕಡ್ಡಿ ತೂರಿಸಿ. ಮುಂದಕ್ಕೆ ಕಳಚಿ ಬೀಳದಂತೆ ಮರದಡಿ ಉದುರಿರುವ ಪುಟ್ಟ ಅಡಿಕೆ ಮಿಡಿಯೊಂದನ್ನು ಕಡ್ಡಿಯ ತುದಿಗೆ ಚುಚ್ಚಿದರೆ ಚೂಪು ತುದಿಯೂ ಮುಚ್ಚಿಹೋಗುತ್ತದೆ.

ಇಷ್ಟಾದರೂ ಅನೇಕ ಸಲ ಗಿರಗಿಟ್ಲೆ ನಿಂತಲ್ಲೇ ನಿಲ್ಲುತ್ತದೆ. ‘ದೊಡ್ಡಾಯಿ, ಇದು ತಿರಗ್ತಿಲ್ಲೆ’ ಎಂದು ಮಗು ಓಡಿ ಬಂದಾಗ ಎರಡು ಕಡೆ ನೋಡಬೇಕು. ತೂತು ಬಿಗಿಯಾಗಿದ್ದರೆ ಕಡ್ಡಿಗಿಂತ ತುಸು ದೊಡ್ಡದು ಮಾಡಿ. ತೂತು ಸರಿ ಇದ್ದರೆ ತಪ್ಪು ರೆಕ್ಕೆಯಲ್ಲಿದೆ: ನಾಲ್ಕೂ ರೆಕ್ಕೆಗಳನ್ನು ಬುಡದಲ್ಲಿ ಒಂದೇ ದಿಕ್ಕಿಗೆ ಚೂರು ಹೊರಳಿಸಬೇಕು. ಚಪ್ಪಟೆಯಾಗಿದ್ದರೆ ಗಾಳಿ ಎದುರಿಗೆ ಬಡಿದು ಹೋಗುತ್ತದೆ. ಎರಡು ಇತ್ತ, ಎರಡು ಅತ್ತ ಹೊರಳಿದ್ದರೆ ಒಂದರ ತಳ್ಳು ಇನ್ನೊಂದರ ತಳ್ಳನ್ನು ತಿಂದುಬಿಡುತ್ತದೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ, ಒಂದೊಂದೇ ರೆಕ್ಕೆ ಹೊರಳಿಸಿ ಗಾಳಿಗೆ ಹಿಡಿದು ನೋಡಲು ಮಗುವಿಗೇ ಬಿಡುವುದು ಮೇಲು. ನಾಲ್ಕು ವರ್ಷದ ಮಗುವೂ ಎರಡು ಮೂರು ಸಲದಲ್ಲಿ ಗುಟ್ಟು ಕಂಡುಹಿಡಿದುಬಿಡುತ್ತದೆ. ಪೇಟೆಯಲ್ಲಿ ಗರಿ ಸಿಗದವರು ಹಳೆಯ ಕ್ಯಾಲೆಂಡರಿನ ದಪ್ಪ ಕಾಗದದಿಂದ ಇದೇ ಅಳತೆಯ ಪಟ್ಟಿ ಕತ್ತರಿಸಿಕೊಳ್ಳಬಹುದು.

ಹಾಳೆಯ ಮುಖವಾಡ

ನಮ್ಮ ಕಡೆಯ ಮಕ್ಕಳು ಯಕ್ಷಗಾನದ ಆಟ ನೋಡಿರುತ್ತಾರೆ, ಶಿರಸಿಯವರು ಹೋಳಿಯ ಸಮಯದ ಬೇಡರ ವೇಷವನ್ನೂ ಕಂಡಿರುತ್ತಾರೆ. ಎರಡರಲ್ಲಿಯೂ ಬಣ್ಣವನ್ನು ಮುಖದ ಮೇಲೆಯೇ ಬರೆಯುತ್ತಾರೆ. ಚಿಕ್ಕ ಮಕ್ಕಳ ಎಳೆ ಚರ್ಮಕ್ಕೆ ಬಣ್ಣ ಬಳಿಯುವ ಬದಲು ಅದೇ ಬಣ್ಣಗಾರಿಕೆಯನ್ನು ಹಾಳೆಯ ಮೇಲೆ ಮಾಡಿಸಬಹುದು. ಅವಕಾಶವಿದ್ದರೆ ಮುಂಚೆ ಒಂದು ಸಲ ಮಗುವನ್ನು ಚೌಕಿಗೆ (ವೇಷ ಕಟ್ಟಿಕೊಳ್ಳುವ ಜಾಗಕ್ಕೆ) ಕರೆದುಕೊಂಡು ಹೋಗಿ, ಕಲಾವಿದರು ಕನ್ನಡಿ ಹಿಡಿದು ಕಣ್ಣಿನ ಸುತ್ತ ಗೆರೆ ಎಳೆದುಕೊಳ್ಳುವುದನ್ನು ದೂರದಿಂದ ತೋರಿಸಿ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ, 1934ರಲ್ಲಿ ಆರಂಭವಾದ ಯಕ್ಷಗಾನ ತಂಡ ಕೆರೆಮನೆ ಮೇಳದ ನೆಲೆಯಿದೆ. ರಂಗದ ಮೇಲೆ ಕಾಣದ ಎಷ್ಟೋ ಸಣ್ಣ ಗೆರೆ, ಚುಕ್ಕಿಗಳು ಚೌಕಿಯಲ್ಲಿ ಮಗುವಿನ ಕಣ್ಣಿಗೆ ಬೀಳುತ್ತವೆ.

ಬಿದ್ದು ಎರಡು ಮೂರು ದಿನವಾದ, ಸೀಳು ಬಿಡದ ಅಗಲವಾದ ಹಾಳೆಯನ್ನು ಆರಿಸಿಕೊಳ್ಳಿ. ಅದಕ್ಕೆ ಅಂಟಿಕೊಂಡಿರುವ ಸೋಗೆಯನ್ನು (ಗರಿಯ ಎಲೆಯ ಭಾಗವನ್ನು) ಕಡಿದು ಬೇರೆ ಮಾಡಿ, ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ. ನೀರಿನಲ್ಲಿ ಹಾಳೆ ಉಜ್ಜುವ ಈ ಕೆಲಸಕ್ಕೆ ಮಕ್ಕಳಲ್ಲಿ ಪೈಪೋಟಿಯೇ ನಡೆಯುತ್ತದೆ. ಒಣಗಿ ಗಡುಸಾಗಿದ್ದರೆ ಅರ್ಧ ಗಂಟೆ ನೀರಿನಲ್ಲಿ, ಮೇಲೊಂದು ಕಲ್ಲು ಹೇರಿ, ಮುಳುಗಿಸಿಟ್ಟರೆ ಚರ್ಮದಂತೆ ಮೆತ್ತಗಾಗುತ್ತದೆ. ಹಾಳೆಯ ನಾರು ಉದ್ದಕ್ಕೆ ಹೋಗುತ್ತದೆ, ಒಣಗುವಾಗ ಎರಡೂ ಅಂಚುಗಳು ಒಳಕ್ಕೆ ಸುರುಳುತ್ತವೆ. ಆದ್ದರಿಂದ ಹಾಳೆಯ ಉದ್ದವೇ ಮುಖದ ಉದ್ದವಾಗುವಂತೆ ಇಟ್ಟುಕೊಂಡರೆ ಆ ಬಾಗು ತಾನಾಗಿಯೇ ಕೆನ್ನೆಗಳಿಗೆ ಹೊಂದಿಕೊಳ್ಳುತ್ತದೆ.

ಮಗುವಿನ ಮುಖದ ಮುಂದೆ ಒದ್ದೆ ಹಾಳೆ ಹಿಡಿದು, ಕಣ್ಣಿರುವ ಜಾಗವನ್ನು ಇದ್ದಿಲಿನಿಂದ ಗುರುತು ಮಾಡಿ. ಕಣ್ಣಿನ ತೂತು ಕೊರೆಯುವಾಗ ನೇರವಾಗಿ ಕತ್ತಿ ಹಾಕಬೇಡಿ, ನಾರಿನ ದಿಕ್ಕಿನಲ್ಲಿ ಹಾಳೆ ಹಣೆಯಿಂದ ಗಲ್ಲದವರೆಗೆ ಸೀಳಿಹೋಗುತ್ತದೆ. ಮೊದಲು ಕಣ್ಣಿನ ಗುರುತಿನ ಮೇಲಂಚಿನಲ್ಲೂ ಕೆಳಅಂಚಿನಲ್ಲೂ ದಬ್ಬಣದಿಂದ ದುಂಡಗೆ ತೂತು ಮಾಡಿಕೊಂಡು, ಆ ಎರಡರ ನಡುವಿನ ಭಾಗವನ್ನು ಕತ್ತರಿಯಿಂದ ತೆಗೆದರೆ ಸೀಳು ಅಲ್ಲಿಗೇ ನಿಲ್ಲುತ್ತದೆ. ಮೂಗಿನ ಕೆಳಗೆ ಉಸಿರಾಟಕ್ಕೆ ಸಾಕಷ್ಟು ಜಾಗ ಬಿಡಬೇಕು. ದಾರ ಕಟ್ಟುವ ತೂತುಗಳು ಅಂಚಿನಿಂದ ಒಂದು ಬೆರಳು ಒಳಗಿರಲಿ, ಅಲ್ಲಿ ಹಿಂಬದಿಗೆ ಬಟ್ಟೆಯ ಚೂರು ಅಂಟಿಸಿದರೆ ಇನ್ನೂ ಗಟ್ಟಿ. ಇಷ್ಟಾದ ಮೇಲೆ ಹಾಳೆಯನ್ನು ಒಂದು ಕೊಡದ ಹೊಟ್ಟೆಗೆ ಸುತ್ತಿ, ಬಟ್ಟೆಯಿಂದ ಬಿಗಿದು, ನೆರಳಿನಲ್ಲಿ ಒಂದು ದಿನ ಪೂರ್ತಿ ಒಣಗಲು ಬಿಡಿ. ಬಿಸಿಲಿಗೆ ಇಟ್ಟರೆ ಸುರುಳಿ ಬಿರುಸಾಗಿ ಬಿರುಕು ಬಿಡುತ್ತದೆ.

ಒಣಗಿದ ಮೇಲೆ ಅದು ಸಂಪೂರ್ಣವಾಗಿ ಮಗುವಿನ ವಸ್ತು. ನುಣುಪಾದ ಒಳಮೈಗೆ ಬಣ್ಣ ಚೆನ್ನಾಗಿ ಹತ್ತುತ್ತದೆಯಾದರೂ ಮುಖಕ್ಕೆ ಹೊಂದುವ ಬಾಗಿಗೆ ಹೊರಮೈಯೇ ಮುಂದೆ ಬರಬೇಕಾಗುತ್ತದೆ. ಆದ್ದರಿಂದ ಹೊರಮೈಗೆ ಮೊದಲು ಅಕ್ಕಿ ಹಿಟ್ಟಿನ ಗಟ್ಟಿ ಲೇಪವನ್ನು ಅಂಟಿನಲ್ಲಿ ಕಲಸಿ ಒಂದು ಕೈ ಬಳಿಸಬೇಕು. ಬಿಳಿಯೆಂದು ಸುಣ್ಣ ಬಳಸಕೂಡದು, ಕಣ್ಣಿಗೆ ಹಾರಿದರೆ ಸುಡುತ್ತದೆ. ಕಪ್ಪಿಗೆ ಅರೆದ ಇದ್ದಿಲು, ಕೆಂಪಿಗೆ ಜರಡಿ ಹಿಡಿದ ಕೆಮ್ಮಣ್ಣು, ಹಳದಿಗೆ ಅರಿಶಿನ ಸಾಕು. ಬಡಗುತಿಟ್ಟಿನ (ಉತ್ತರದ ಶೈಲಿಯ ಯಕ್ಷಗಾನದ) ವೇಷಗಳು ತಲೆಗೆ ಕಟ್ಟುವ ಕೇದಗೆ ಮುಂದಲೆ ಮಕ್ಕಳಿಗೆ ಬಹಳ ಪ್ರಿಯ. ರಟ್ಟನ್ನು ಕೇದಗೆ ಹೂವಿನ ಆಕಾರಕ್ಕೆ ಕತ್ತರಿಸಿ, ಬಿಸ್ಕತ್ತು ಪೊಟ್ಟಣಗಳ ಒಳಗಿನ ಹೊಳೆಯುವ ಹಾಳೆಯನ್ನು ಬೇಗಡೆಯಂತೆ ಅಂಟಿಸಿ, ಮುಖವಾಡದ ಹಣೆಗೆ ಹೊಲಿದುಕೊಟ್ಟರೆ ಅವತ್ತು ಸಂಜೆ ಅಂಗಳದಲ್ಲಿ ಆಟ ನಡೆದೇ ನಡೆಯುತ್ತದೆ.

ಅಡುಗೆಮನೆಯ ಬಣ್ಣ, ಬಾಳೆಯ ಅಚ್ಚು

ಬಣ್ಣ ಮಾಡುವುದೂ ಒಂದು ಕೈಕೆಲಸವೇ. ಏಪ್ರಿಲ್, ಮೇ ತಿಂಗಳಲ್ಲಿ ಮುರುಗಲು (ಕೋಕಂ) ಹಣ್ಣಾಗುತ್ತದೆ. ಅದರ ಸಿಪ್ಪೆಯನ್ನು ಸ್ವಲ್ಪವೇ ನೀರಿನಲ್ಲಿ ಒಂದು ಗಂಟೆ ನೆನೆಸಿ ಹಿಂಡಿದರೆ ದಟ್ಟ ಕೆಂಪು ಬರುತ್ತದೆ. ಸಾಗವಾನಿಯ ಎಳೆ ಚಿಗುರನ್ನು ಅಂಗೈಯಲ್ಲಿ ತಿಕ್ಕಿದರೂ ರಕ್ತದಂಥ ಬಣ್ಣ ಬಿಡುತ್ತದೆ. ಶಂಖಪುಷ್ಪವನ್ನು ಬಿಸಿನೀರಿಗೆ ಹಾಕಿದರೆ ನೀಲಿ. ಆ ನೀಲಿಗೆ ಎರಡು ಹನಿ ನಿಂಬೆರಸ ಬಿಟ್ಟರೆ ಕಣ್ಣೆದುರೇ ನೇರಳೆಯಾಗುತ್ತದೆ, ಮುರುಗಲು ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಕೆಂಪು ಅಳಿದು ಕಪ್ಪಡರುತ್ತದೆ, ಅರಿಶಿನದ ನೀರಿಗೆ ಅದೇ ಸೋಡಾ ಹಾಕಿದರೆ ಕೆಂಪೇರುತ್ತದೆ. ಹುಳಿ ಮತ್ತು ಸೋಡಾ ಬೇರೆ ಬೇರೆ ಗುಣದವು, ಈ ಬಣ್ಣಗಳು ಅದನ್ನು ಗುರುತಿಸುತ್ತವೆ ಎಂದಷ್ಟೇ ಹೇಳಿ ಬಟ್ಟಲುಗಳನ್ನು ಮಕ್ಕಳ ಕೈಗೆ ಕೊಡಿ. ಅರಿಶಿನದ ಚಿತ್ರ ಬಿಸಿಲಿಗೆ ಮಾಸುವುದರಿಂದ ಅದನ್ನು ನೆರಳಿನ ಗೋಡೆಗೆ ತೂಗುಹಾಕಬೇಕು.

ಅಚ್ಚಿಗೆ ಬಾಳೆ ಎಲೆಯ ದಂಟನ್ನು ಅಡ್ಡಕ್ಕೆ ಒಂದೇ ಏಟಿಗೆ ಕತ್ತರಿಸಬೇಕು. ಅರ್ಧಚಂದ್ರದೊಳಗೆ ಜೇನುಗೂಡಿನಂಥ ಕೋಣೆಗಳು ಕಾಣುತ್ತವೆ. ಬೆಂಡೆಕಾಯಿಯ ತೊಟ್ಟಿನ ಭಾಗ ಕತ್ತರಿಸಿದರೆ ಹೂವು. ಅಚ್ಚನ್ನು ಬಣ್ಣದ ಬಟ್ಟಲಲ್ಲಿ ಅದ್ದುವ ಬದಲು, ಬಣ್ಣ ನೆನೆಸಿದ ಹತ್ತಿ ಬಟ್ಟೆಯ ಮೇಲೆ ಒತ್ತಿ ಕಾಗದಕ್ಕೆ ಒತ್ತಿದರೆ ಗೆರೆಗಳು ಕೂಡಿಹೋಗದೆ ಸ್ಪಷ್ಟವಾಗಿ ಮೂಡುತ್ತವೆ. ಮೂರು ವರ್ಷದವರಿಗೆ ಇದು ಎಲ್ಲಕ್ಕಿಂತ ಹೊಂದುವ ಕೆಲಸ.

ಚಿತ್ತಾರದ ಹಲಗೆ

ಸಾಗರ, ಸಿದ್ದಾಪುರ ಸೀಮೆಯ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರವನ್ನು ನೋಡಿದವರಿಗೆ ಗೊತ್ತು, ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆಗಳು ಎಷ್ಟು ಶಿಸ್ತಾಗಿ ಓಡುತ್ತವೆಂದು. ಮದುವೆಮನೆಯಲ್ಲಿ ಆ ಹೆಂಗಸರು ಬರೆಯುವ ಹಸೆಯನ್ನು ಮಕ್ಕಳಿಂದ ನಕಲು ಮಾಡಿಸುವುದು ಸಾಧ್ಯವಿಲ್ಲ, ಹಾಗೆ ಮಾಡಿಸಲೂಬಾರದು. ಅದಕ್ಕೆ ಅದರದೇ ಅರ್ಥ, ನಿಯಮಗಳಿವೆ. ಆದರೆ ಅದರ ಸಾಮಗ್ರಿಯ ಪಾಠವನ್ನು ಕಲಿಸಬಹುದು. ದಪ್ಪ ರಟ್ಟಿಗೆ ಕೆಮ್ಮಣ್ಣು ಕಲಸಿದ ಅಂಟನ್ನು ಬಳಿದು ಒಣಗಿಸಿ. ಒಂದು ಹಿಡಿ ಬೆಳ್ತಿಗೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ನುಣ್ಣಗೆ ಅರೆದು, ದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ ಮಾಡಿಕೊಳ್ಳಿ. ಪುಂಡಿ ನಾರಿನ ಎಳೆಗಳನ್ನು ಹಿಡಿಕಡ್ಡಿಯ ತುದಿಗೆ ಕಟ್ಟಿದರೆ ಕುಂಚ. ಒದ್ದೆಯಾಗಿರುವಾಗ ಎಳೆ ಮಂಕಾಗಿ ಕಂಡು, ಒಣಗುತ್ತ ಬೆಳ್ಳಗೆ ಎದ್ದು ಬರುತ್ತದೆ. ಕೆಲಸ ಹಾಳಾಯಿತೆಂದು ಮಗು ಅಳುವ ಮೊದಲೇ ಈ ವಿಷಯವನ್ನು ಅದಕ್ಕೆ ತಿಳಿಸಿರಬೇಕು.

ಚಿಪ್ಪು ಮತ್ತು ಚಿಂದಿ

ಕರಾವಳಿಯವರಿಗೆ ಚಿಪ್ಪು ಹುಡುಕಲು ದೂರ ಹೋಗಬೇಕಾಗಿಲ್ಲ. ಊಟಕ್ಕೆ ತಂದ ಬಳಚಿನ ಚಿಪ್ಪುಗಳನ್ನೇ ಕುದಿಸಿ, ತಿಕ್ಕಿ, ಬಿಸಿಲಿಗೆ ಎರಡು ದಿನ ಒಣಗಿಸಿದರೆ ವಾಸನೆ ಹೋಗುತ್ತದೆ. ಎರಡು ಚಿಪ್ಪು ಚಿಟ್ಟೆಯ ರೆಕ್ಕೆ, ನಾಲ್ಕು ಚಿಪ್ಪು ಹೂವು. ರಟ್ಟಿನ ಮೇಲೆ ಫೆವಿಕಾಲಿನಿಂದ ಅಂಟಿಸುವುದಷ್ಟೇ ಕೆಲಸ. ಕಾರವಾರದ ಠಾಗೋರ್ ಕಡಲತೀರದಲ್ಲಿ ಹೆಕ್ಕುವುದಾದರೆ ಒಳಗೆ ಜೀವವಿಲ್ಲದ ಖಾಲಿ ಚಿಪ್ಪನ್ನು ಮಾತ್ರ, ಅದೂ ಒಂದು ಬೊಗಸೆಗಿಂತ ಹೆಚ್ಚಾಗದಂತೆ ತರಲು ಹೇಳಿ. ಕೆಲವು ಶಂಖಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಆದ್ದರಿಂದ ದೊಡ್ಡ ಶಂಖ ಕಂಡರೆ ನೋಡಿ ಅಲ್ಲೇ ಬಿಟ್ಟುಬರುವುದು ಸರಿ.

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಜೋಡಿಸಿ ಕವದಿ ಹೊಲಿಯುತ್ತಾರೆ. ಬಟ್ಟೆಯ ಚೂರುಗಳನ್ನು ಅಂಚಿನಿಂದ ಆರಂಭಿಸಿ ನಡುವಿಗೆ ಬರುತ್ತ ಜೋಡಿಸುವ ಅವರ ಕ್ರಮವನ್ನೇ ಇಟ್ಟುಕೊಂಡು, ಅಂಗೈ ಅಗಲದ ಚೂರುಗಳನ್ನು ಒಂದು ಗೋಣಿ ತುಂಡಿಗೆ ಅಂಟಿಸಿದರೆ ಗೊಂಬೆಗೆ ಹಾಸಿಗೆಯಾಗುತ್ತದೆ. ಅಜ್ಜಿಯ ಸೀರೆಯ ಚೂರು ಯಾವುದು, ತನ್ನದೇ ಹಳೆಯ ಅಂಗಿಯ ಚೂರು ಯಾವುದು ಎಂದು ಗುರುತಿಸುತ್ತ ಕೂತ ಮಗು ಎಬ್ಬಿಸಿದರೂ ಏಳುವುದಿಲ್ಲ. ಏಳೆಂಟು ವರ್ಷದವರು ಅಂಚಿಗೆ ಉದ್ದುದ್ದ ಹೊಲಿಗೆಯನ್ನೂ ಹಾಕಬಲ್ಲರು.

ಮಳೆಗಾಲದಲ್ಲಿ ಕಾಪಾಡುವುದು

ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ನಮ್ಮಲ್ಲಿ ಯಾವುದೂ ಒಣಗುವುದಿಲ್ಲ. ಹಾಳೆ, ರಟ್ಟು, ಹಿಟ್ಟಿನ ಅಂಟು ಮೂರಕ್ಕೂ ವಾರದೊಳಗೆ ಬೂಸಲು ಹಿಡಿಯುತ್ತದೆ, ಅದನ್ನು ಮಕ್ಕಳು ಮುಖಕ್ಕೆ ಹಾಕಿಕೊಳ್ಳಬಾರದು. ಆದ್ದರಿಂದ ಹಾಳೆಯ ಕೆಲಸಗಳನ್ನು ಮೇ ಕೊನೆಯೊಳಗೆ ಮುಗಿಸಿ, ಮಾಡಿದ ವಸ್ತುಗಳನ್ನು ಬಿಸಿಲು ಇರುವಾಗಲೇ ಚೆನ್ನಾಗಿ ಕಾಯಿಸಿ, ಹಳೆಯ ಬಟ್ಟೆಯಲ್ಲಿ ಸುತ್ತಿ, ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಇಡಬೇಕು. ಒಲೆ ಇಲ್ಲದ ಮನೆಯವರು ಗಾಳಿಯಾಡದ ಡಬ್ಬಿಯಲ್ಲಿ ಒಂದು ಹಿಡಿ ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಜೊತೆಗಿಟ್ಟರೆ ತೇವವನ್ನು ಅದು ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತದೆ. ಪ್ರತಿ ಪೊಟ್ಟಣದ ಮೇಲೆ ಮಾಡಿದ ಮಗುವಿನ ಹೆಸರು, ವಯಸ್ಸು, ವರ್ಷವನ್ನು ಮಗುವಿನ ಕೈಯಿಂದಲೇ ಬರೆಸಿ. ಬರೆಯಲು ಬಾರದವರು ಹೆಬ್ಬೆರಳನ್ನು ಕೆಮ್ಮಣ್ಣಿನಲ್ಲಿ ಅದ್ದಿ ಒತ್ತಿದರೆ ಸಾಕು. ಮುಂದಿನ ರಜೆಗೆ ಬಂದು ಅಟ್ಟದಿಂದ ಇಳಿಸುವಾಗ ತನ್ನದು ಯಾವುದೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.